ಇಲಿ ಹೆಚ್ಚಿದ ವರ್ಷ ಗೂಬೆಗೆ ಹೆಣ್ಣುಮರಿಗಳೇ ಹೆಚ್ಚಾಗುತ್ತವೆಯೇ?

ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಗೂಬೆಗಳ ವಿಷಯ ಬಲ್ಲವರಲ್ಲಿ ಒಂದು ಪ್ರಶ್ನೆ. ಆಹಾರ ಹೇರಳವಾಗಿದ್ದಾಗ ಗೂಬೆಯ ಸಂಸಾರದಲ್ಲಿ ಹೆಣ್ಣುಮರಿಗಳು ಹೆಚ್ಚುತ್ತವೆ, ಆಹಾರ ಕಡಿಮೆಯಾದಾಗ ಗಂಡುಗಳು ಹೆಚ್ಚುತ್ತವೆ ಎಂದು ಪಕ್ಷಿ ವೀಕ್ಷಣೆಗೆ ಬಂದಿದ್ದ ಅತಿಥಿಯೊಬ್ಬರು ಹೇಳಿದರು. ಇದು ನಿಜವೇ? ನಿಜವಾದರೆ ಮೊಟ್ಟೆಯಿಡುವ ಮೊದಲೇ ತಾಯಿಗೆ ಅದು ಹೇಗೆ ಸಾಧ್ಯವಾಗುತ್ತದೆ? ನಮ್ಮ ತೋಟದ ಹಳೆಯ ಗೋದಾಮಿನ ಅಟ್ಟದಲ್ಲಿ ಕಣಜ ಗೂಬೆಗಳ ಜೋಡಿಯೊಂದು ನೆಲೆಸಿದೆ. ಅವು ಕಾರಿದ ಉಂಡೆಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಗಳ ತಲೆಬುರುಡೆ, ಹಳದಿ ಬಣ್ಣದ ಬಾಚಿಹಲ್ಲು, ಅಲ್ಲೊಂದು ಇಲ್ಲೊಂದು ಮೂಗಿಲಿಯ ದವಡೆ ಸಿಗುತ್ತವೆ. ಗದ್ದೆ ಕೊಯ್ಲಿನ ನಂತರ ಉಂಡೆಗಳ ರಾಶಿ ಬೆಳೆಯುತ್ತದೆ, ಮುಂಗಾರಿನ ಜಡಿಮಳೆಯಲ್ಲಿ ಕುಗ್ಗುತ್ತದೆ. ಈ ಏರಿಳಿತಕ್ಕೂ ಮರಿಗಳ ಲಿಂಗಕ್ಕೂ ಸಂಬಂಧವಿರಬಹುದೆಂಬುದು ನನಗೆ ಹೊಸ ಸಂಗತಿ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ

ನಿಮ್ಮ ಅತಿಥಿಯ ಮಾತಿಗೆ ಆಧಾರವಿದೆ, ಆದರೆ ಅದು ಎಲ್ಲ ಗೂಬೆಗಳಿಗೂ ಅನ್ವಯಿಸುವ ನಿಯಮವಲ್ಲ. ಮೊದಲು ಬುನಾದಿಯಿಂದ ಆರಂಭಿಸುತ್ತೇನೆ.

ಮನುಷ್ಯರಲ್ಲಿ ಮಗುವಿನ ಲಿಂಗವನ್ನು ತಂದೆಯ ವೀರ್ಯಾಣು ನಿರ್ಧರಿಸಿದರೆ, ಹಕ್ಕಿಗಳಲ್ಲಿ ಅದು ತಾಯಿಯ ಅಂಡದಲ್ಲೇ ತೀರ್ಮಾನವಾಗುತ್ತದೆ. ಗಂಡು ಹಕ್ಕಿಯಲ್ಲಿ ಎರಡು ಝಡ್ ವರ್ಣತಂತುಗಳಿರುತ್ತವೆ, ಹೆಣ್ಣಿನಲ್ಲಿ ಒಂದು ಝಡ್ ಮತ್ತು ಒಂದು ಡಬ್ಲ್ಯು. ಅಂಡಾಣು ಅಂಡಾಶಯದಿಂದ ಬಿಡುಗಡೆಯಾಗುವುದಕ್ಕೆ ಕೆಲವೇ ಗಂಟೆಗಳ ಮುಂಚೆ ನಡೆಯುವ ಕೋಶ ವಿಭಜನೆಯಲ್ಲಿ ಈ ಎರಡರಲ್ಲಿ ಒಂದು ಮಾತ್ರ ಅಂಡದೊಳಗೆ ಉಳಿದು, ಇನ್ನೊಂದು ಹೊರಬೀಳುತ್ತದೆ. ಆ ಹೊತ್ತಿನಲ್ಲಿ ತಾಯಿಯ ದೇಹಸ್ಥಿತಿ, ವಿಶೇಷವಾಗಿ ಆಕೆಯ ರಕ್ತದಲ್ಲಿರುವ ಹಾರ್ಮೋನುಗಳು, ವಿಭಜನೆಯನ್ನು ಒಂದು ಕಡೆಗೆ ವಾಲಿಸಬಲ್ಲವು ಎಂಬುದು ಸದ್ಯಕ್ಕೆ ಹೆಚ್ಚು ಚರ್ಚೆಯಲ್ಲಿರುವ ವಿವರಣೆ. ಒತ್ತಡದ ಹಾರ್ಮೋನಾದ ಕಾರ್ಟಿಕೋಸ್ಟಿರೋನ್ ಮಟ್ಟವನ್ನು ಏರಿಸಿದಾಗ ಕ್ವೇಲ್ ಹಕ್ಕಿಗಳ ಮರಿಗಳ ಲಿಂಗಾನುಪಾತ ಬದಲಾಗುವುದನ್ನು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಆದ್ದರಿಂದ ‘ತಾಯಿಗೆ ಹೇಗೆ ಸಾಧ್ಯ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಕೆಲವು ಗಂಟೆಗಳಲ್ಲಿ.

ಇನ್ನು ‘ಏಕೆ’ ಎಂಬುದು. ವಿಕಾಸದ ಲೆಕ್ಕಾಚಾರಕ್ಕೆ ಹೆಸರಾದ ಬ್ರಿಟಿಷ್ ವಿಜ್ಞಾನಿ ರೊನಾಲ್ಡ್ ಫಿಶರ್ 1930ರಲ್ಲಿ ಕೊಟ್ಟ ತರ್ಕದ ಪ್ರಕಾರ ಒಂದು ಸಮುದಾಯದಲ್ಲಿ ಗಂಡುಗಳು ವಿರಳವಾದರೆ ಗಂಡುಮರಿ ಪಡೆದವರಿಗೆ ಲಾಭ, ಹೆಣ್ಣುಗಳು ವಿರಳವಾದರೆ ಹೆಣ್ಣುಮರಿ ಪಡೆದವರಿಗೆ ಲಾಭ. ಹೀಗಾಗಿ ಎರಡೂ ಲಿಂಗಗಳ ಮೇಲೆ ತಾಯ್ತಂದೆಯರು ಹೂಡುವ ಶ್ರಮ ಒಟ್ಟಾರೆ ಸಮವಾಗುತ್ತ ಹೋಗುತ್ತದೆ. ಆದರೆ ಇದು ಇಡೀ ಸಮುದಾಯದ ಲೆಕ್ಕ. ಒಂದೊಂದು ತಾಯಿಯ ಪರಿಸ್ಥಿತಿ ಒಂದೊಂದು ಬಗೆಯಲ್ಲಿರುವುದರಿಂದ, ಒಳ್ಳೆಯ ಪೋಷಣೆಯಿಂದ ಯಾವ ಲಿಂಗದ ಮರಿಗೆ ಮುಂದೆ ಹೆಚ್ಚು ಪ್ರಯೋಜನವಾಗುವುದೋ ಅದನ್ನೇ ಅನುಕೂಲಸ್ಥ ತಾಯಿ ಹೆಚ್ಚಾಗಿ ಹಡೆಯಬೇಕು ಎಂದು ಟ್ರಿವರ್ಸ್ ಮತ್ತು ವಿಲ್ಲಾರ್ಡ್ ಎಂಬ ಸಂಶೋಧಕರು 1973ರಲ್ಲಿ ವಾದಿಸಿದರು.

ಗೂಬೆಗಳಲ್ಲಿ ಇದನ್ನು ಪರೀಕ್ಷಿಸಿದ ಪ್ರಸಿದ್ಧ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಉತ್ತರ ಇಂಗ್ಲೆಂಡಿನ ಕೀಲ್ಡರ್ ಅರಣ್ಯದಲ್ಲಿ ಟಾನಿ ಗೂಬೆಗಳು ಗೂಡುಪೆಟ್ಟಿಗೆಗಳಲ್ಲಿ ಮರಿ ಮಾಡುತ್ತವೆ, ವೋಲ್ ಎಂಬ ಗಿಡ್ಡಬಾಲದ ಹುಲ್ಲುಗಾವಲಿನ ಇಲಿಯನ್ನು ಹೆಚ್ಚಾಗಿ ತಿನ್ನುತ್ತವೆ. ಮರಿಗಳು ಗೂಡು ಬಿಡುವ ಜೂನ್ ತಿಂಗಳಲ್ಲಿ ವೋಲ್‌ಗಳು ಹೆಚ್ಚಾಗಿದ್ದ ನೆಲೆಗಳಲ್ಲಿ ಹೆಣ್ಣುಮರಿಗಳ ಪಾಲು ಹೆಚ್ಚಿತ್ತು. ಅಂಥ ನೆಲೆಗಳಲ್ಲಿ ಬೆಳೆದ ಹೆಣ್ಣುಗಳು ಮುಂದೆ ತಾವು ತಾಯಂದಿರಾದಾಗ ಹೆಚ್ಚು ಯಶಸ್ವಿಯಾದವು; ಗಂಡುಗಳ ಮುಂದಿನ ಯಶಸ್ಸಿಗೂ ಹುಟ್ಟಿದ ನೆಲೆಯ ವೋಲ್ ಸಂಖ್ಯೆಗೂ ಅಂಥ ನಂಟು ಕಾಣಲಿಲ್ಲ. ನನ್ನನ್ನು ಅತ್ಯಂತ ಚಕಿತಗೊಳಿಸಿದ ಅಂಶ ಇನ್ನೊಂದಿದೆ: ಈ ವಾಲಿಕೆ ಮೊಟ್ಟೆಯ ಹಂತದಲ್ಲೇ ಇತ್ತು. ಅಂದರೆ ಜೂನ್ ಬರುವುದಕ್ಕೆ ತಿಂಗಳುಗಳ ಮೊದಲೇ, ವಸಂತದ ಆರಂಭದಲ್ಲಿ ತನಗೆ ಸಿಕ್ಕ ಆಹಾರದ ಸುಳಿವಿನಿಂದಲೋ ಏನೋ, ತಾಯಿ ಮುಂದಿನ ದಿನಗಳಿಗೆ ಹೊಂದಿಕೆಯಾಗುವ ಮೊಟ್ಟೆಗಳನ್ನು ಇಟ್ಟಿತ್ತು.

ನಮ್ಮ ಮಲೆನಾಡಿನ ಕಂದು ಕಾಡುಗೂಬೆ ಮತ್ತು ಬಯಲಿನ ಹಳೆಯ ಮಾವಿನ ತೋಪುಗಳಲ್ಲಿ ಕಾಣಸಿಗುವ ಚುಕ್ಕೆಗಳ ಕಾಡುಗೂಬೆ ಟಾನಿ ಗೂಬೆಯ ಸ್ಟ್ರಿಕ್ಸ್ ಕುಲಕ್ಕೇ ಸೇರಿದವು ಎಂಬುದನ್ನು ಇಲ್ಲಿನ ಓದುಗರ ಗಮನಕ್ಕೆ ತರುತ್ತೇನೆ. ಹಾಗೆಂದು ಕೀಲ್ಡರ್‌ನ ಫಲಿತಾಂಶವನ್ನು ತಂದು ನೇರವಾಗಿ ಇವುಗಳಿಗೆ ಹೊಂದಿಸಲಾಗದು.

ಕಡೂರು ಕಡೆಯ ರೈತ

ಉಪನ್ಯಾಸಕಿಯವರ ವಿವರಣೆ ಅರ್ಥವಾಯಿತು. ಆದರೆ ನನಗೊಂದು ತೊಡಕು ಕಾಣಿಸುತ್ತದೆ. ಮೂಡಿಗೆರೆಯ ಮಳೆಗೂ ನಮ್ಮ ಮಳೆಗೂ ಅಜಗಜಾಂತರ. ನಮ್ಮ ರಾಗಿ, ಕಡಲೆ ಹೊಲಗಳ ಬದುವಿನಲ್ಲಿ ಇರುವುದು ಹಾಲಕ್ಕಿ ಎಂಬ ಸಣ್ಣ ಗೂಬೆ. ಅದು ಇಲಿಯನ್ನು ಹಿಡಿಯುತ್ತದಾದರೂ ಹೆಚ್ಚಾಗಿ ಜೀರುಂಡೆ, ಮಿಡತೆ, ಗೆದ್ದಲು, ಹಲ್ಲಿಗಳನ್ನು ತಿಂದು ಬದುಕುತ್ತದೆ. ಸಂಜೆ ಬೀದಿದೀಪದ ಕೆಳಗೆ ಹುಳು ಹಿಡಿಯುವುದನ್ನು ಊರಿನವರೆಲ್ಲ ನೋಡಿದ್ದಾರೆ. ಅದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ಹೆಣ್ಣು ಗಾತ್ರದಲ್ಲಿ ದೊಡ್ಡದು, ಅದನ್ನು ಸಾಕಲು ಹೆಚ್ಚು ಆಹಾರ ಬೇಕು, ಆದ್ದರಿಂದ ಸುಭಿಕ್ಷದಲ್ಲಿ ಹೆಣ್ಣು ಎಂಬ ತರ್ಕವನ್ನು ನಾನು ಬೇರೆಡೆ ಓದಿದ್ದೆ. ಗಾತ್ರದ ವ್ಯತ್ಯಾಸವೇ ಇಲ್ಲದಂತೆ ಕಾಣುವ ಹಕ್ಕಿಯಲ್ಲಿ ಆ ತರ್ಕ ಎಲ್ಲಿ ನಿಲ್ಲುತ್ತದೆ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ

ಬಹಳ ಮುಖ್ಯವಾದ ಆಕ್ಷೇಪವಿದು. ಬಹುಪಾಲು ಗೂಬೆಗಳಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು ಎಂಬುದು ನಿಜ, ಆದ್ದರಿಂದ ‘ಹೆಣ್ಣುಮರಿ ದುಬಾರಿ ಮರಿ’ ಎಂಬ ಮಾತಿನಲ್ಲಿ ಹುರುಳಿದೆ. ಅಮೆರಿಕದ ಕೆಸ್ಟ್ರೆಲ್ ಎಂಬ ಸಣ್ಣ ಗಿಡುಗದಲ್ಲಿ ಆಹಾರದ ಅಭಾವವಿದ್ದಾಗ ಚಿಕ್ಕ ಗಾತ್ರದ ಗಂಡುಮರಿಗಳು ಹೆಚ್ಚಾಗುವುದನ್ನು 1992ರ ಅಧ್ಯಯನವೊಂದು ವರದಿ ಮಾಡಿತ್ತು. ಆದರೆ ಸಾಕುವ ಖರ್ಚು ಲೆಕ್ಕದ ಒಂದು ಕಡೆ ಮಾತ್ರ. ಸಾಕಿದ ಮರಿ ಮುಂದೆ ಎಷ್ಟರ ಮಟ್ಟಿಗೆ ವಂಶವನ್ನು ಮುಂದುವರಿಸುತ್ತದೆ ಎಂಬುದು ಇನ್ನೊಂದು ಕಡೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ತೂಕದ್ದು.

ಗಾತ್ರದ ಪ್ರಶ್ನೆಯೇ ಇಲ್ಲದ ಉದಾಹರಣೆಯೊಂದು ಸೇಶೆಲ್ಸ್ ದ್ವೀಪಗಳಿಂದ ಬಂದಿದೆ. ಅಲ್ಲಿನ ವಾರ್ಬ್ಲರ್ ಹಕ್ಕಿ ಕೀಟಾಹಾರಿ. ಅದರ ಹೆಣ್ಣುಮಕ್ಕಳು ಅನೇಕ ಸಲ ತವರಿನಲ್ಲೇ ಉಳಿದು ತಂಗಿ ತಮ್ಮಂದಿರನ್ನು ಸಾಕಲು ನೆರವಾಗುತ್ತವೆ. ಕೀಟಗಳು ಧಾರಾಳವಾಗಿರುವ ನೆಲೆಯಲ್ಲಿ ಈ ನೆರವು ವರ, ಕೀಟಗಳು ಕಡಿಮೆ ಇರುವಲ್ಲಿ ಅದೇ ಹೆಣ್ಣು ಉಣ್ಣುವ ಇನ್ನೊಂದು ಬಾಯಿ. ಯಾನ್ ಕೊಮ್ಡಿಯರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಬಡ ನೆಲೆಗಳಲ್ಲಿ ಮರಿಗಳ ಪೈಕಿ ಶೇ. 77 ಗಂಡುಗಳಿದ್ದರೆ, ಸಮೃದ್ಧ ನೆಲೆಗಳಲ್ಲಿ ಗಂಡುಗಳು ಶೇ. 13 ಮಾತ್ರ. ಹಕ್ಕಿಲೋಕದಲ್ಲಿ ಇಷ್ಟು ದೊಡ್ಡ ಅಂತರ ಅಪರೂಪ. ಅಲ್ಲಿ ಲಿಂಗವನ್ನು ವಾಲಿಸಿದ್ದು ಮರಿಯ ತೂಕವಲ್ಲ, ಆ ನೆಲೆಯಲ್ಲಿ ಮಗಳಿಗಿದ್ದ ಪಾತ್ರ.

ಗೂಬೆಗಳಿಗೇ ಹಿಂತಿರುಗುವುದಾದರೆ, ಡೆನ್ಮಾರ್ಕಿನಲ್ಲಿ ಅದೇ ಟಾನಿ ಗೂಬೆಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಲಿತಾಂಶ ತಿರುವುಮುರುವಾಯಿತು. ನೆಚ್ಚಿಕೊಳ್ಳಬಹುದಾದ ಆಹಾರ ಮೂಲವಿದ್ದ ಜೋಡಿಗಳಲ್ಲಿ ಗಂಡುಮರಿಗಳ ಪಾಲು ಹೆಚ್ಚಿತ್ತು. ಒಂದೇ ಪ್ರಭೇದ, ಎರಡು ದೇಶ, ಎರಡು ಉತ್ತರ. ಕೀಲ್ಡರ್‌ನಲ್ಲಿ ವೋಲ್‌ಗಳ ಸಂಖ್ಯೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಉಕ್ಕಿ ಕುಸಿಯುವ ಚಕ್ರದಲ್ಲಿ ಸಾಗುತ್ತದೆ. ಆಹಾರ ಸ್ಥಿರವಾಗಿರುವ ಕಾಡಿನಲ್ಲಿ ನೆಲೆ ಹಿಡಿದು ಕಾಯ್ದುಕೊಳ್ಳಬಲ್ಲ ಗಟ್ಟಿ ಗಂಡಿಗೆ ಬೆಲೆ ಹೆಚ್ಚಿರಬಹುದು ಎಂಬುದು ನನ್ನ ಊಹೆ, ಊಹೆಯೆಂದೇ ಅದನ್ನು ಓದಿಕೊಳ್ಳಿ. ಉತ್ತರ ಸ್ವೀಡನ್ನಿನ ಟೆಂಗ್‌ಮಾಲ್ಮ್ ಗೂಬೆಯಲ್ಲಂತೂ ಮೊಟ್ಟೆಯೊಡೆದ ಮರಿಗಳ ಲಿಂಗಾನುಪಾತ ವೋಲ್ ಚಕ್ರದ ಉದ್ದಕ್ಕೂ ವರ್ಷದಿಂದ ವರ್ಷಕ್ಕೆ ಬಹಳವಾಗಿ ಏರುಪೇರಾದುದನ್ನು 2004ರ ವರದಿ ದಾಖಲಿಸಿದೆ. ಆ ಗೂಬೆಯಲ್ಲಿ ಗಂಡುಗಳು ತಮ್ಮ ನೆಲೆಯನ್ನು ಬಿಟ್ಟು ಕದಲುವುದು ಕಡಿಮೆ, ಹೆಣ್ಣುಗಳು ವೋಲ್‌ಗಳನ್ನು ಅರಸಿ ದೂರ ದೂರ ಅಲೆಯುತ್ತವೆ. ಆದ್ದರಿಂದ ಗಂಡಿಗೂ ಹೆಣ್ಣಿಗೂ ಒಂದೇ ವರ್ಷದ ಆಹಾರ ಒಂದೇ ಅರ್ಥ ಕೊಡುವುದಿಲ್ಲ.

ಸಂಖ್ಯಾಶಾಸ್ತ್ರ ಕಲಿಸುವವನು, ಚಿಕ್ಕಮಗಳೂರು

ಇಲ್ಲಿಯವರೆಗಿನ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಒಂದು ಎಚ್ಚರಿಕೆಯನ್ನು ಸೇರಿಸುವುದು ಅಗತ್ಯವೆನಿಸಿತು. ಮೂರು ಮರಿಗಳ ಗೂಡಿನಲ್ಲಿ ಮೂರೂ ಒಂದೇ ಲಿಂಗದವಾಗಿರುವ ಸಾಧ್ಯತೆ, ಯಾವ ಜೈವಿಕ ಕಾರಣವೂ ಇಲ್ಲದೆ ಬರೀ ಆಕಸ್ಮಿಕದಿಂದಲೇ, ನಾಲ್ಕರಲ್ಲಿ ಒಂದು. ನಾಲ್ಕು ಮರಿಗಳ ಗೂಡಿನಲ್ಲಿ ಅದು ಎಂಟರಲ್ಲಿ ಒಂದು. ತೋಟದಲ್ಲಿರುವ ಒಂದು ಗೂಡಿನಲ್ಲಿ ಈ ವರ್ಷ ಎಲ್ಲವೂ ಹೆಣ್ಣು ಎಂದು ಗೊತ್ತಾದರೂ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. ಹತ್ತಾರು ಗೂಡುಗಳು, ಹಲವು ವರ್ಷಗಳು, ಜೊತೆಗೆ ಪ್ರತಿಯೊಂದು ನೆಲೆಯ ಇಲಿಗಳ ಅಂದಾಜು ಇವೆಲ್ಲ ಸೇರಿದಾಗ ಮಾತ್ರ ನಿಜವಾದ ವಾಲಿಕೆ ಆಕಸ್ಮಿಕದಿಂದ ಬೇರ್ಪಟ್ಟು ಕಾಣುತ್ತದೆ.

ಇನ್ನೊಂದು ವಿಷಯ: ವಾಲಿಕೆ ಕಂಡುಬಂದ ಅಧ್ಯಯನ ಸುಲಭವಾಗಿ ಪ್ರಕಟವಾಗುತ್ತದೆ, ಏನೂ ಕಾಣದ ಅಧ್ಯಯನ ಕಪಾಟಿನಲ್ಲಿ ಉಳಿಯುತ್ತದೆ. ಯೂಯೆನ್, ಕ್ಯಾಸಿ ಮತ್ತು ಮೊಲ್ಲರ್ ಎಂಬ ಸಂಶೋಧಕರು ಹಕ್ಕಿಗಳ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ತಾಯಂದಿರು ಲಿಂಗಾನುಪಾತವನ್ನು ಹೊಂದಿಸಿಕೊಳ್ಳುತ್ತಾರೆ ಎಂಬುದಕ್ಕೆ ಸಾಕ್ಷ್ಯವೇ ಸಾಲದೆಂದು 2004ರಲ್ಲಿ ಸಂಶಯ ವ್ಯಕ್ತಪಡಿಸಿದರು. ಲೆಕ್ಕವನ್ನು ಪರಿಷ್ಕರಿಸಿ ಅವರೇ 2006ರಲ್ಲಿ ತಿದ್ದುಪಡಿಯನ್ನೂ ಪ್ರಕಟಿಸಿದರು. ಒಳ್ಳೆಯ ವಿಜ್ಞಾನ ನಡೆಯಬೇಕಾದ ರೀತಿಯೇ ಅದು. ಡೆನ್ಮಾರ್ಕಿನ ಫಲಿತಾಂಶವನ್ನು ಕೀಲ್ಡರ್‌ನ ಪಕ್ಕದಲ್ಲಿಟ್ಟು ಉಪನ್ಯಾಸಕಿಯವರು ವಿವರಿಸಿದ್ದು ನನಗೆ ಒಪ್ಪಿಗೆಯಾಯಿತು, ಆದರೆ ಪ್ರತಿಯೊಂದು ವಿರುದ್ಧ ಫಲಿತಾಂಶಕ್ಕೂ ಒಂದೊಂದು ಕಾರಣ ಹೊಂದಿಸುತ್ತ ಹೋದರೆ ಸಿದ್ಧಾಂತವನ್ನು ಸುಳ್ಳೆಂದು ತೋರಿಸಲು ದಾರಿಯೇ ಉಳಿಯುವುದಿಲ್ಲ. ಮೊದಲೇ ಮುನ್ಸೂಚನೆ ಬರೆದಿಟ್ಟು ಆಮೇಲೆ ಎಣಿಸಬೇಕು.

ಪಶುವೈದ್ಯ, ಅರಕಲಗೂಡು

ಎಣಿಕೆಯ ಮಾತು ಬಂದಿದ್ದರಿಂದ, ಯಾವ ಹಂತದಲ್ಲಿ ಎಣಿಸುತ್ತೇವೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ತಾಯಿ ಇಟ್ಟ ಮೊಟ್ಟೆಗಳಲ್ಲಿನ ಅನುಪಾತ ಬೇರೆ, ಗೂಡಿನಿಂದ ಹಾರಿಹೋಗುವ ಮರಿಗಳಲ್ಲಿನ ಅನುಪಾತ ಬೇರೆ. ಕಣಜ ಗೂಬೆಯನ್ನೇ ತೆಗೆದುಕೊಳ್ಳಿ. ಅದು ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆಯಿಡುತ್ತದೆ, ಮೊದಲ ಮೊಟ್ಟೆಯಿಂದಲೇ ಕಾವು ಕೂರುತ್ತದೆ. ಆರು ಮೊಟ್ಟೆಗಳಿದ್ದರೆ ಹಿರಿಯ ಮರಿಗೂ ಕಿರಿಯ ಮರಿಗೂ ಸುಮಾರು ಎರಡು ವಾರಗಳ ಅಂತರ. ಒಂದೇ ಗೂಡಿನಲ್ಲಿ ಮುಖದ ಬಿಲ್ಲೆ ಮೂಡಿ ರೆಕ್ಕೆಗರಿ ಚಿಗುರುತ್ತಿರುವ ಮರಿಯ ಕಾಲ ಬುಡದಲ್ಲಿ, ಬಿಳಿ ತುಪ್ಪಳದ, ಕಣ್ಣು ಈಗಷ್ಟೇ ತೆರೆದ ಕೂಸು ಬಿದ್ದಿರುವುದನ್ನು ಕಂಡವರಿಗೆ ಈ ಅಂತರದ ಕ್ರೌರ್ಯ ತಿಳಿಯುತ್ತದೆ. ಗಂಡುಗೂಬೆ ತರುವ ಇಲಿಗಳು ಕಡಿಮೆಯಾದ ಕೂಡಲೇ ಕಿರಿಯದು ಸಾಯುತ್ತದೆ. ಸತ್ತ ಮರಿಯನ್ನು ಒಡಹುಟ್ಟಿದವುಗಳೇ ತಿನ್ನುವುದೂ ಉಂಟು, ಹಾಗಾದಾಗ ಎಣಿಸಲು ಕುರುಹೂ ಉಳಿಯುವುದಿಲ್ಲ.

ಹಸಿವಿನಲ್ಲಿ ಒಂದು ಲಿಂಗದ ಮರಿಗಳು ಹೆಚ್ಚು ಸತ್ತರೆ, ತಾಯಿ ಸಮನಾಗಿ ಇಟ್ಟಿದ್ದರೂ ಹಾರುವ ಹೊತ್ತಿಗೆ ಅನುಪಾತ ವಾಲಿರುತ್ತದೆ. ಟೆಂಗ್‌ಮಾಲ್ಮ್ ಗೂಬೆಯ ಗೂಡುಗಳಿಗೆ ಸ್ವೀಡನ್ನಿನ ಸಂಶೋಧಕರು ಹೆಚ್ಚುವರಿ ಆಹಾರ ಒದಗಿಸಿ ನೋಡಿದಾಗ, ಮರಿಗಳ ಸಾವಿನಲ್ಲಿ ಗಂಡುಹೆಣ್ಣಿನ ಭೇದ ವರ್ಷಕ್ಕೊಂದು ಬಗೆಯಾಗಿತ್ತೆಂದು 2002ರಲ್ಲಿ ವರದಿಯಾಯಿತು. ಆದ್ದರಿಂದ ‘ಆಹಾರ ಲಿಂಗವನ್ನು ಬದಲಿಸಿತು’ ಎನ್ನುವ ಮುನ್ನ, ಅದು ಮೊಟ್ಟೆಯಲ್ಲಿ ಬದಲಿಸಿತೇ ಅಥವಾ ಸಾವಿನ ಮೂಲಕ ಬದಲಿಸಿತೇ ಎಂದು ಕೇಳಲೇಬೇಕು.

ನಮ್ಮ ಜಿಲ್ಲೆಗಳ ಮಟ್ಟಿಗೆ ನನ್ನನ್ನು ಕಾಡುವ ಸಂಗತಿ ಇಲಿಪಾಷಾಣ. ಬ್ರೋಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಬಯಲಿನಲ್ಲೇ ಓಡಾಡುತ್ತದೆ, ಗೂಬೆಗೆ ಸುಲಭದ ತುತ್ತಾಗುತ್ತದೆ, ವಿಷ ಗೂಬೆಯ ಯಕೃತ್ತಿನಲ್ಲಿ ದೀರ್ಘಕಾಲ ಉಳಿಯುತ್ತದೆ. ಗೂಬೆ ಬದುಕಿದರೂ ಮರಿಗಳಿರುವ ಹೊತ್ತಿನಲ್ಲಿ ಒಂದು ಊರಿನ ಗದ್ದೆಬಯಲಿಗೆಲ್ಲ ಒಮ್ಮೆಲೇ ಪಾಷಾಣ ಇಟ್ಟರೆ ಆಹಾರ ದಿಢೀರನೆ ಕುಸಿಯುತ್ತದೆ. ಮೊಟ್ಟೆಯಿಡುವಾಗ ತಾಯಿಗೆ ಕಂಡ ಸುಭಿಕ್ಷ ಒಂದು, ಮರಿ ಬೆಳೆಸುವಾಗ ಎದುರಾದ ಬರ ಇನ್ನೊಂದು. ಕೀಲ್ಡರ್‌ನ ಗೂಬೆ ಮುಂದಿನ ಜೂನನ್ನು ಅಂದಾಜು ಮಾಡಬಲ್ಲದು, ಏಕೆಂದರೆ ವೋಲ್‌ಗಳ ಏರಿಳಿತಕ್ಕೆ ಒಂದು ಗತಿ ಇದೆ. ಮನುಷ್ಯ ಯಾವ ವಾರ ಪಾಷಾಣ ಹಾಕುತ್ತಾನೆಂದು ಯಾವ ಗೂಬೆಯೂ ಅಂದಾಜು ಮಾಡಲಾರದು.

ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪ್ರಶ್ನೆ ಕುತೂಹಲದಿಂದ ಹುಟ್ಟಿದ್ದು, ಆದರೆ ಪಶುವೈದ್ಯರ ಬರಹದ ನಂತರ ಅದು ಹೊಣೆಗಾರಿಕೆಯ ಪ್ರಶ್ನೆಯೂ ಆಗಿದೆ. ಮಳೆಗಾಲದಲ್ಲಿ ಗೂಬೆಗಳಿಗೆ ಆಹಾರ ಕಡಿಮೆಯೆಂದಾದರೆ ನಾವೇ ಒಂದಿಷ್ಟು ಇಲಿಗಳನ್ನೋ ಕೋಳಿಮರಿಗಳನ್ನೋ ಅಟ್ಟದಲ್ಲಿ ಇಡುವುದು ಒಳ್ಳೆಯದೇ? ಹೆಚ್ಚು ಮರಿಗಳು ಬದುಕಿದರೆ ತೋಟಕ್ಕೂ ಲಾಭವಲ್ಲವೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ

ದಯವಿಟ್ಟು ಬೇಡ. ಆಹಾರ ಕೊಡುವುದು ಕೇವಲ ಹೊಟ್ಟೆ ತುಂಬಿಸುವ ಕೆಲಸವಲ್ಲ ಎಂಬುದಕ್ಕೆ ನ್ಯೂಜಿಲೆಂಡಿನ ಕಾಕಪೋ ಸಾಕ್ಷಿ. ಅದು ಹಾರಲಾರದ ನಿಶಾಚರ ಗಿಳಿ. 1995ರಲ್ಲಿ ಜೀವಂತವಾಗಿದ್ದ ಕಾಕಪೋಗಳು 51 ಎಂದು ಲೆಕ್ಕವಾಗಿತ್ತು, ಹೆಣ್ಣುಗಳಂತೂ ತೀರ ವಿರಳ. ಸಂರಕ್ಷಕರು ಪ್ರೀತಿಯಿಂದಲೇ ಹೆಚ್ಚುವರಿ ಆಹಾರ ಕೊಟ್ಟರು. ಆದರೆ ಹಾಗೆ ಪೋಷಿತವಾದ ತಾಯಂದಿರಿಗೆ ಗಂಡುಮರಿಗಳೇ ಹೆಚ್ಚಾಗಿ ಹುಟ್ಟಿದ್ದು 2002ರ ವಿಶ್ಲೇಷಣೆಯಲ್ಲಿ ಬೆಳಕಿಗೆ ಬಂತು. ಅಲ್ಲಿ ಗಂಡುಗಳು ಹೆಣ್ಣುಗಳ ಗಮನಕ್ಕಾಗಿ ಪೈಪೋಟಿ ನಡೆಸುತ್ತವೆ. ದಷ್ಟಪುಷ್ಟ ಗಂಡು ಹಲವು ಹೆಣ್ಣುಗಳೊಡನೆ ಕೂಡುತ್ತದೆ. ಟ್ರಿವರ್ಸ್ ಮತ್ತು ವಿಲ್ಲಾರ್ಡ್ ಹೇಳಿದ್ದ ಸನ್ನಿವೇಶವೇ ಅದು. ಅನಂತರ ತಾಯಂದಿರ ತೂಕವನ್ನು ಗಮನಿಸುತ್ತ ಆಹಾರವನ್ನು ಹದವಾಗಿ ಕೊಡಲಾರಂಭಿಸಿದಾಗ ಆ ವಾಲಿಕೆ ಇಲ್ಲವಾಯಿತೆಂದು 2006ರಲ್ಲಿ ವರದಿಯಾಯಿತು. ಅಳಿವಿನಂಚಿನ ಹಕ್ಕಿಯೊಂದರ ಉಳಿವಿಗೆ ಲಿಂಗಾನುಪಾತದ ಸಿದ್ಧಾಂತ ನೇರವಾಗಿ ಉಪಯೋಗಕ್ಕೆ ಬಂದ ಪ್ರಸಂಗವಿದು, ಮತ್ತು ಈ ವಿಷಯವನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನಾನು ಇದನ್ನು ಬಿಡದೆ ಹೇಳುತ್ತೇನೆ.

ನಿಮ್ಮ ಗೂಬೆಗಳು ಅಷ್ಟು ವಿರಳವಲ್ಲ, ಅವುಗಳಿಗೆ ಬೇಕಾದದ್ದು ಪೊಟರೆ ಮತ್ತು ವಿಷವಿಲ್ಲದ ಇಲಿ. ಅತ್ತಿ, ಬಸರಿ, ಹಲಸಿನಂಥ ಹಳೆಯ ನೆರಳಿನ ಮರಗಳನ್ನು ತೆಗೆದು ತೋಟದ ತುಂಬ ಸಿಲ್ವರ್ ಓಕ್ ಹಾಕಿದ ಕಡೆ ಪೊಟರೆಗಳು ಸಿಗುವುದಿಲ್ಲ. ಉಳಿದಿರುವ ಮರಗಳನ್ನು ಉಳಿಸುವುದೇ ಒಳ್ಳೆಯ ಪೋಷಣೆ.

ಕಡೂರು ಕಡೆಯ ರೈತ

ಕೊನೆಯದಾಗಿ ಕೇಳುತ್ತೇನೆ. ಕಣ್ಣಿಗೆ ಗಂಡುಹೆಣ್ಣು ಗೊತ್ತಾಗದ ಹಾಲಕ್ಕಿಯ ಮರಿಗಳ ಲಿಂಗವನ್ನು ಅಧ್ಯಯನಕಾರರು ಪತ್ತೆ ಹಚ್ಚುವುದು ಹೇಗೆ? ಆಸಕ್ತಿಯುಳ್ಳ ಕೆಲವರು ಸೇರಿ ಕಡೂರು, ಬೇಲೂರು, ಸಕಲೇಶಪುರಗಳಲ್ಲಿ ಗೂಡುಗಳನ್ನು ಗುರುತಿಸಿದರೆ ಪ್ರಯೋಜನವಿದೆಯೇ?

ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ

ಒಂದು ಹನಿ ರಕ್ತ ಅಥವಾ ಬುಡದಲ್ಲಿ ಜೀವಕೋಶ ಉಳಿದಿರುವ ಒಂದು ಗರಿ ಸಾಕು. ಝಡ್ ಮತ್ತು ಡಬ್ಲ್ಯು ವರ್ಣತಂತುಗಳೆರಡರಲ್ಲೂ ಸಿಎಚ್‌ಡಿ ಎಂಬ ಜೀನ್‌ನ ಒಂದೊಂದು ರೂಪವಿದ್ದು, ಅವುಗಳ ಉದ್ದದಲ್ಲಿ ವ್ಯತ್ಯಾಸವಿದೆ. 1998ರಲ್ಲಿ ಗ್ರಿಫಿತ್ಸ್ ಮತ್ತು ಸಂಗಡಿಗರು ವಿವರಿಸಿದ, ಜೀನ್‌ನ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಉದ್ದಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಪಿಸಿಆರ್ ಪರೀಕ್ಷೆಯಲ್ಲಿ ಹೆಣ್ಣಾದರೆ ಎರಡು ಪಟ್ಟಿಗಳು, ಗಂಡಾದರೆ ಒಂದೇ ಪಟ್ಟಿ ಕಾಣಿಸುತ್ತದೆ. ವಯಸ್ಕ ಕಣಜ ಗೂಬೆಯಲ್ಲಿ ಹೆಣ್ಣಿನ ಎದೆಯ ಮೇಲೆ ಚುಕ್ಕೆಗಳು ಸಾಮಾನ್ಯವಾಗಿ ಹೆಚ್ಚಿರುತ್ತವೆ, ಆದರೆ ಒಂದೇ ಹಕ್ಕಿಯನ್ನು ನೋಡಿ ಖಚಿತವಾಗಿ ಹೇಳಲು ಅದು ಸಾಲದು.

ಗರಿಯಾಗಲಿ ರಕ್ತವಾಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸಂಗ್ರಹಿಸುವಂತಿಲ್ಲ. ಗೂಡಿನೊಳಗೆ ಕೈ ಹಾಕುವುದು, ಟಾರ್ಚ್ ಹಿಡಿದು ಮರಿಗಳ ಫೋಟೊ ತೆಗೆಯುವುದು, ಗೂಡಿನ ಜಾಗವನ್ನು ಬಹಿರಂಗವಾಗಿ ಬರೆಯುವುದು ಇವು ಯಾವುವೂ ಬೇಡ. ದೀಪಾವಳಿಯ ಸುಮಾರಿಗೆ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ದಂಧೆ ನಮ್ಮ ನಾಡಿನಲ್ಲಿ ಇನ್ನೂ ನಿಂತಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ.

ಅನುಮತಿಯಿಲ್ಲದೆ ಮಾಡಬಹುದಾದ ಉಪಯುಕ್ತ ಕೆಲಸವೂ ಬೇಕಾದಷ್ಟಿದೆ. ಗೂಡಿನಿಂದ ದೂರದಲ್ಲಿ, ಹಕ್ಕಿಗಳು ದಿನ ಕಳೆಯುವ ಮರದ ಕೆಳಗೆ ಬಿದ್ದ ಉಂಡೆಗಳನ್ನು ತಿಂಗಳಿಗೊಮ್ಮೆ ಎಣಿಸಿ, ಅವುಗಳಲ್ಲಿ ಇಲಿ ಎಷ್ಟು, ಹುಳು ಎಷ್ಟು ಎಂದು ಬರೆದಿಡಿ. ಸುತ್ತಲ ಹೊಲಗದ್ದೆಗಳಲ್ಲಿ ಕೊಯ್ಲು ಯಾವಾಗ ನಡೆಯಿತು, ಪಾಷಾಣವನ್ನು ಯಾವಾಗ ಇಟ್ಟರು, ಎಷ್ಟು ಮರಿಗಳು ಹೊರಬಂದು ಕೊಂಬೆಯ ಮೇಲೆ ಕುಳಿತವು ಎಂಬುದನ್ನು ತಾರೀಖಿನೊಂದಿಗೆ ದಾಖಲಿಸಿ. ಲಿಂಗದ ಪರೀಕ್ಷೆ ಮಾಡುವವರು ಮುಂದೆ ಬಂದಾಗ ಅವರಿಗೆ ಮೊದಲು ಬೇಕಾಗುವುದು ಆಹಾರದ ಈ ಲೆಕ್ಕ. ಹಾಲಕ್ಕಿ ಮರಿ ಮಾಡುವ ಕಾಲ ನಮ್ಮ ಕಡೆ ಚಳಿಗಾಲದಲ್ಲಿ ಶುರುವಾಗುವುದರಿಂದ, ರಾಗಿ ಕೊಯ್ಲಿಗೆ ಮೊದಲೇ ಎಣಿಕೆ ಆರಂಭಿಸಿದರೆ ಒಳ್ಳೆಯದು.

ಸಂಖ್ಯಾಶಾಸ್ತ್ರ ಕಲಿಸುವವನು, ಚಿಕ್ಕಮಗಳೂರು

ದಾಖಲೆಗೆ ಒಂದೇ ನಮೂನೆಯಿದ್ದರೆ ಮುಂದೆ ಎಲ್ಲರ ಲೆಕ್ಕವನ್ನೂ ಸೇರಿಸಬಹುದು. ನಮೂನೆಯನ್ನು ನಾನು ಸಿದ್ಧಪಡಿಸಿ ಇಲ್ಲೇ ಹಾಕುತ್ತೇನೆ. ಒಂದೂ ಮರಿ ಬದುಕದ ಗೂಡುಗಳನ್ನೂ, ಒಂದೂ ಉಂಡೆ ಸಿಗದ ತಿಂಗಳುಗಳನ್ನೂ ದಯವಿಟ್ಟು ಬಿಡದೆ ಬರೆಯಿರಿ.